ವಾಲ್ಟ್ ಡಿಸ್ನಿ ಇವತ್ತು ತನ್ನ ಪಾರ್ಕಿಗೆ ಬಂದರೆ...

2025ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಮಗನ ಮನೆಗೆ ಹೋಗಿದ್ದಾಗ, ಒಂದು ದಿನ ಎಲ್ಲರೂ ಸೇರಿ ಡಿಸ್ನಿಲ್ಯಾಂಡಿಗೆ ಹೋದೆವು. ಮೂವತ್ತೆಂಟು ವರ್ಷ ಮುಂಬಯಿಯ ಲೋಕಲ್ ಟ್ರೇನು ಹತ್ತಿ ಇಳಿದ ಮೊಣಕಾಲು ಮಧ್ಯಾಹ್ನದ ಹೊತ್ತಿಗೆ ಮುಷ್ಕರ ಹೂಡಿತು. "ನೀವು ಹೋಗಿ ಬನ್ನಿ, ನಾನು ಎಲ್ಲಾದರೂ ಕೂತಿರ್ತೀನಿ" ಅಂತ ಮಗ, ಸೊಸೆ, ಮೊಮ್ಮಗನನ್ನು ರೈಡುಗಳ ಕಡೆಗೆ ಕಳಿಸಿ, ನಾನು ಮುಖ್ಯದ್ವಾರದ ಹತ್ತಿರವೇ ಇರುವ ಆಪೆರಾ ಹೌಸ್ ಅನ್ನುವ ರಂಗಮಂದಿರಕ್ಕೆ ಹೊಕ್ಕೆ. ತಂಪಾಗಿ ಎ.ಸಿ. ಇರುತ್ತೆ, ಕುರ್ಚಿ ಇರುತ್ತೆ ಅನ್ನುವುದೇ ಕಾರಣ. ಸುಳ್ಳು ಯಾಕೆ ಹೇಳಲಿ?

ಅಲ್ಲಿ ಪರದೆ ಸರಿದಾಗ ಕಂಡಿದ್ದು ಸಾಕ್ಷಾತ್ ವಾಲ್ಟ್ ಡಿಸ್ನಿ! ತನ್ನ ಆಫೀಸಿನಲ್ಲಿ, ಮೇಜಿನ ಪಕ್ಕದಲ್ಲಿ, ಅದೇ ತೆಳು ಮೀಸೆ, ಅದೇ ಸೂಟು. ಕೈ ಆಡಿಸುತ್ತಾ, ತಲೆ ತಿರುಗಿಸುತ್ತಾ, ನಮ್ಮ ಜೊತೆ ಮಾತಾಡುತ್ತಿದ್ದಾನೆ. ದನಿಯೂ ಅವನದೇ, ಹಳೆಯ ಧ್ವನಿಮುದ್ರಣಗಳಿಂದ ಆಯ್ದು ಜೋಡಿಸಿದ್ದು. ಮನುಷ್ಯ ತೀರಿಕೊಂಡಿದ್ದು 1966ರ ಡಿಸೆಂಬರ್ 15ರಂದು. ಡಿಸ್ನಿಲ್ಯಾಂಡಿಗೆ 70 ವರ್ಷ ತುಂಬಿದ ದಿನ, 2025ರ ಜುಲೈ 17ರಂದು, ಕಂಪನಿಯವರು ಈ ಯಂತ್ರದ ವಾಲ್ಟನನ್ನು ನಿಲ್ಲಿಸಿದರು. ಅವನ ಮೊಮ್ಮಗಳೊಬ್ಬಳು ಇದನ್ನು ಬಹಿರಂಗವಾಗಿಯೇ ವಿರೋಧಿಸಿದ್ದಳು. ನನ್ನ ಅಜ್ಜನನ್ನು ರೋಬೋಟ್ ಮಾಡಬೇಡಿ ಅನ್ನುವುದು ಅವಳ ಅಳಲು. ಕಂಪನಿಯವರು, ಇಲ್ಲ, ಗೌರವದಿಂದಲೇ ಮಾಡಿದ್ದೇವೆ ಅಂದರು.

ಆ ಕತ್ತಲಲ್ಲಿ ಕೂತಾಗ ನನಗೆ ಬಂದ ಪ್ರಶ್ನೆ ಒಂದೇ. ಈ ಬೊಂಬೆಯ ಬದಲು ನಿಜವಾದ ವಾಲ್ಟನೇ ಎದ್ದು ಬಂದು, ಹೊರಗಿನ ಬೀದಿಯಲ್ಲಿ ಒಂದು ಸುತ್ತು ಹಾಕಿದರೆ ಏನಂದಾನು? ಅಮೆರಿಕದಲ್ಲಿ ಈ ಪ್ರಶ್ನೆ ಹೊಸದಲ್ಲ. ಪಾರ್ಕಿನಲ್ಲಿ ಏನೇ ಬದಲಾದರೂ "ವಾಲ್ಟ್ ಇದ್ದಿದ್ದರೆ ಇದನ್ನು ಒಪ್ಪುತ್ತಿರಲಿಲ್ಲ" ಅಂತ ಒಂದು ಗುಂಪು, "ವಾಲ್ಟ್ ಇದ್ದಿದ್ದರೆ ಕುಣಿದಾಡುತ್ತಿದ್ದ" ಅಂತ ಇನ್ನೊಂದು ಗುಂಪು ಹೇಳುವುದು ಮಾಮೂಲು. ಸತ್ತವನ ಬಾಯಲ್ಲಿ ಮಾತು ತುರುಕುವುದು ಸುಲಭ ನೋಡಿ, ಆತ ಎದ್ದು ಬಂದು ತಕರಾರು ಮಾಡುವುದಿಲ್ಲ. ಹಾಗಾಗಿ ಊಹೆ ಬಿಟ್ಟು, ಆತ ಬದುಕಿದ್ದಾಗ ಏನು ಮಾಡಿದ ಅನ್ನುವುದನ್ನು ಮೊದಲು ನೋಡೋಣ.

ಕಥೆ ಶುರುವಾಗುವುದು ಒಂದು ಬೆಂಚಿನಿಂದ. ಶನಿವಾರ ಅಂದರೆ ಡಿಸ್ನಿಯ ಮನೆಯಲ್ಲಿ ಅಪ್ಪನ ದಿನ. ತನ್ನ ಇಬ್ಬರು ಪುಟ್ಟ ಹೆಣ್ಣುಮಕ್ಕಳನ್ನು ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿಗೆ ಕರೆದುಕೊಂಡು ಹೋಗುತ್ತಿದ್ದ. ಮಕ್ಕಳು ತಿರುಗುವ ಮರದ ಕುದುರೆಗಳ ಮೇಲೆ ಕೂತು ಸುತ್ತುತ್ತಿದ್ದವು, ಅಪ್ಪ ಬೆಂಚಿನ ಮೇಲೆ ಕೂತು ನೆಲಗಡಲೆ ತಿನ್ನುತ್ತಿದ್ದ. ಮಕ್ಕಳು ಮತ್ತು ತಂದೆ ತಾಯಿ ಒಟ್ಟಿಗೆ ಖುಷಿಪಡುವಂಥ ಒಂದು ಜಾಗ ಯಾಕಿಲ್ಲ ಅನ್ನುವ ಯೋಚನೆ ಬಂದಿದ್ದು ಅಲ್ಲಿಯೇ ಅಂತ ಆತನೇ ಹೇಳಿಕೊಂಡಿದ್ದಾನೆ. ಗ್ರಿಫಿತ್ ಪಾರ್ಕಿನ ಅಂಥದೊಂದು ಬೆಂಚನ್ನು ತಂದು ಈ ಆಪೆರಾ ಹೌಸಿನಲ್ಲೇ ಇಟ್ಟಿದ್ದಾರೆ. ನನಗೆ ತಟ್ಟನೆ ನೆನಪಾಗಿದ್ದು ಗೋರಾಯಿ. ತೊಂಬತ್ತರ ದಶಕದಲ್ಲಿ ಮಗನನ್ನು ದೋಣಿ ಹತ್ತಿಸಿಕೊಂಡು ಎಸ್ಸೆಲ್ ವರ್ಲ್ಡಿಗೆ ಹೋಗಿದ್ದಾಗ ನಾನೂ ಹೀಗೇ ಒಂದು ಬೆಂಚಿನ ಮೇಲೆ ಕೂತು, ಚಪ್ಪಲಿ ಮತ್ತು ಬುತ್ತಿಚೀಲ ಕಾಯ್ದಿದ್ದೆ. ಎಲ್ಲ ದೇಶದ ಅಪ್ಪಂದಿರ ಹಣೆಬರಹ ಒಂದೇ!

ಬೆಂಚಿನ ಮೇಲೆ ಹುಟ್ಟಿದ ಕನಸಿಗೆ ದುಡ್ಡು ಹೊಂದಿಸುವುದು ಬೇರೆಯೇ ಕಥೆ. 1928ರಲ್ಲಿ ಮಿಕ್ಕಿ ಮೌಸ್, 1937ರಲ್ಲಿ ಸ್ನೋ ವೈಟ್ ಅಂತ ಹೆಸರು ಮಾಡಿದ್ದರೂ, ಪಾರ್ಕು ಅಂದ ಕೂಡಲೇ ಎಲ್ಲರೂ ಹಿಂಜರಿದರು. ಲೆಕ್ಕಪತ್ರ ನೋಡುತ್ತಿದ್ದ ಅಣ್ಣ ರಾಯ್ ಡಿಸ್ನಿಗೂ ಅನುಮಾನ. ವಾಲ್ಟ್ ತನ್ನ ಜೀವವಿಮೆಯ ಮೇಲೆ ಸಾಲ ಎತ್ತಿದ. ಕೊನೆಗೆ ಎಬಿಸಿ ಟಿವಿಯವರ ಜೊತೆ ಒಪ್ಪಂದವಾಯಿತು. ಅವರು 5 ಲಕ್ಷ ಡಾಲರ್ ಹೂಡಿ, 45 ಲಕ್ಷ ಡಾಲರ್ ಸಾಲಕ್ಕೆ ಜಾಮೀನು ನಿಂತರು, ಈತ ಅವರಿಗಾಗಿ ವಾರಕ್ಕೊಂದು ಟಿವಿ ಕಾರ್ಯಕ್ರಮ ಮಾಡಿಕೊಟ್ಟ. ಮುಂದೆ 1996ರಲ್ಲಿ ಡಿಸ್ನಿ ಕಂಪನಿ ಆ ಎಬಿಸಿಯನ್ನೇ ಕೊಂಡುಕೊಂಡಿತು. ಸಾಲ ಕೊಟ್ಟ ಸಾಹುಕಾರನ ಮನೆಯನ್ನೇ ಸಾಲಗಾರ ಖರೀದಿ ಮಾಡಿದ ಹಾಗೆ. ಲಾಸ್ ಏಂಜಲೀಸಿನಿಂದ ಸುಮಾರು 40 ಕಿ.ಮೀ. ದೂರದ ಅನಹೈಮ್ ಎಂಬ ಊರಿನಲ್ಲಿ 160 ಎಕರೆ ಕಿತ್ತಳೆ ತೋಟ ಕೊಂಡು, 1954ರ ಜುಲೈಯಲ್ಲಿ ಕೆಲಸ ಶುರು ಮಾಡಿ, ಬರೀ ಒಂದು ವರ್ಷದಲ್ಲಿ ಪಾರ್ಕು ಎಬ್ಬಿಸಿದರು. ಖರ್ಚು 1 ಕೋಟಿ 70 ಲಕ್ಷ ಡಾಲರ್.

1955ರ ಜುಲೈ 17ರ ಉದ್ಘಾಟನೆಯ ಕಥೆ ಕೇಳಿದರೆ ನಮ್ಮ ಮದುವೆ ಮನೆಗಳ ಗಡಿಬಿಡಿ ಏನೂ ಅಲ್ಲ ಅನ್ನಿಸುತ್ತದೆ. ಆಹ್ವಾನಿತರಿಗೆ ಮಾತ್ರ ಅಂದಿದ್ದರು. ನಕಲಿ ಟಿಕೆಟ್ ಹಿಡಿದು ಸಾವಿರಾರು ಜನ ನುಗ್ಗಿದರು. ಬಿಸಿಲು 38 ಡಿಗ್ರಿ ಸೆಲ್ಸಿಯಸ್ ಹತ್ತಿರ. ಆಗಷ್ಟೇ ಹಾಕಿದ್ದ ಡಾಂಬರು ಮೆತ್ತಗಾಗಿ ಹೆಂಗಸರ ಹೈ ಹೀಲ್ಡ್ ಚಪ್ಪಲಿಗಳು ಹೂತುಕೊಂಡವು. ಕೊಳಾಯಿ ಕೆಲಸದವರ ಮುಷ್ಕರದಿಂದಾಗಿ ಕುಡಿಯುವ ನೀರಿನ ನಲ್ಲಿ ಬೇಕೋ, ಶೌಚಾಲಯ ಬೇಕೋ, ಎರಡರಲ್ಲಿ ಒಂದು ಆರಿಸಿ ಅನ್ನುವ ಪರಿಸ್ಥಿತಿ. ವಾಲ್ಟ್ ಶೌಚಾಲಯ ಆರಿಸಿದ. ನೀರು ಸಿಗದ ಜನ, ಇದು ತಂಪು ಪಾನೀಯ ಮಾರುವ ಉಪಾಯ ಅಂತ ಬೈದರು. ಇದೆಲ್ಲ ಟಿವಿಯಲ್ಲಿ ನೇರಪ್ರಸಾರ ಬೇರೆ. ನಿರೂಪಕರಲ್ಲಿ ಒಬ್ಬ ರೊನಾಲ್ಡ್ ರೇಗನ್, ಮುಂದೆ ಅಮೆರಿಕದ ಅಧ್ಯಕ್ಷನಾದವನೇ! ಪಾರ್ಕಿನ ಹಳಬರು ಆ ದಿನವನ್ನು ಕಪ್ಪು ಭಾನುವಾರ ಅಂತಲೇ ಕರೆಯುತ್ತಿದ್ದರು.

ಅಂದರೆ, "ವಾಲ್ಟನ ಕಾಲದಲ್ಲಿ ಎಲ್ಲವೂ ಸರಿಯಾಗಿತ್ತು" ಅನ್ನುವುದು ಮೊದಲ ದಿನದಿಂದಲೇ ಸುಳ್ಳು. ಸರಿಯಿಲ್ಲದ್ದನ್ನು ಆತ ದಿನದಿನವೂ ತಿದ್ದುತ್ತಿದ್ದ. ಸಿನಿಮಾ ಒಮ್ಮೆ ಡಬ್ಬಿ ಸೇರಿದರೆ ಮುಗಿಯಿತು, ಪಾರ್ಕು ಹಾಗಲ್ಲ, ಅದು ಗಿಡದ ಹಾಗೆ ಬೆಳೆಯುತ್ತಲೇ ಇರಬೇಕು ಅನ್ನುವುದು ಆತನ ನಿಲುವು. ಡಿಸ್ನಿಲ್ಯಾಂಡ್ ಎಂದೂ ಪೂರ್ತಿಯಾಗುವುದಿಲ್ಲ ಅಂತ ಮತ್ತೆ ಮತ್ತೆ ಹೇಳುತ್ತಿದ್ದ. 1955ರ ನವೆಂಬರಿನಲ್ಲಿ ಒಂದು ಸರ್ಕಸ್ ಶುರು ಮಾಡಿದ, ಜನ ಬರಲಿಲ್ಲ, ಮರುವರ್ಷದ ಆರಂಭದಲ್ಲೇ ಅದನ್ನು ಕಿತ್ತು ಹಾಕಿದ. 1959ರಲ್ಲಿ ಮ್ಯಾಟರ್‌ಹಾರ್ನ್ ಪರ್ವತ, ಮೊನೊರೈಲು, ಜಲಾಂತರ್ಗಾಮಿ, ಮೂರನ್ನೂ ಒಂದೇ ಸಲ ತಂದ. ದೋಣಿಯಲ್ಲಿ ಕೂತು ಕಾಡು ನೋಡುವ ಜಂಗಲ್ ಕ್ರೂಸಿನ ಹತ್ತಿರ ನಿಂತಿದ್ದಾಗ, "ಇದನ್ನು ಹೋದ ಸಲವೇ ನೋಡಿದ್ದೇವಲ್ಲ" ಅಂತ ಒಬ್ಬ ತಾಯಿ ಮಗುವಿಗೆ ಹೇಳಿದ್ದು ಕಿವಿಗೆ ಬಿತ್ತಂತೆ. ಅದಾದ ಮೇಲೆ ಅಲ್ಲಿ ಸ್ನಾನ ಮಾಡುವ ಆನೆಗಳು ಬಂದವು. ಇನ್ನೊಮ್ಮೆ ಅದೇ ದೋಣಿಯಲ್ಲಿ ಸಾಮಾನ್ಯ ಗಿರಾಕಿಯ ಹಾಗೆ ಕೂತು, ಏಳು ನಿಮಿಷದ ಸುತ್ತನ್ನು ನಾಲ್ಕೂವರೆ ನಿಮಿಷದಲ್ಲಿ ಮುಗಿಸಿದ್ದು ಕಂಡು ಕೆಂಡವಾಗಿದ್ದ ಅಂತ ಅಲ್ಲಿ ಕೆಲಸ ಮಾಡಿದವರು ನೆನಪಿಸಿಕೊಂಡಿದ್ದಾರೆ. ದುಡ್ಡು ಕೊಟ್ಟ ಗಿರಾಕಿಗೆ ಎರಡೂವರೆ ನಿಮಿಷ ಮೋಸ!

ಅಂದ ಹಾಗೆ, 1961ರ ನವೆಂಬರಿನಲ್ಲಿ ನಮ್ಮ ಪ್ರಧಾನಿ ನೆಹರೂ ಮಗಳು ಇಂದಿರಾ ಜೊತೆ ಇಲ್ಲಿಗೆ ಬಂದಿದ್ದರು. ವಾಲ್ಟನೇ ಅವರನ್ನು ಸುತ್ತಾಡಿಸಿದ. ಅದಕ್ಕೆ ಎರಡು ವರ್ಷ ಮೊದಲು ಸೋವಿಯತ್ ನಾಯಕ ಕ್ರುಶ್ಚೇವ್ ಡಿಸ್ನಿಲ್ಯಾಂಡ್ ನೋಡಬೇಕು ಅಂದಾಗ, ಭದ್ರತೆಯ ಕಾರಣ ಹೇಳಿ ಬಿಟ್ಟಿರಲಿಲ್ಲ. ಆತ ಸಿಟ್ಟಾಗಿ ಭಾಷಣದಲ್ಲೇ ಅದನ್ನು ಎತ್ತಿ ಆಡಿದ್ದ.

ಈಗ ನಮ್ಮ ಪ್ರಶ್ನೆಗೆ ಬರೋಣ. ಇವತ್ತು ವಾಲ್ಟ್ ಬಂದರೆ ಮೊದಲು ಕಣ್ಣಿಗೆ ಬೀಳುವುದು ಹೊಸ ಹೊಸ ಲೋಕಗಳು. 2019ರಲ್ಲಿ ತೆರೆದ 14 ಎಕರೆಯ ಸ್ಟಾರ್ ವಾರ್ಸ್ ಪ್ರಪಂಚ ಆತನ ಕಥೆಯಲ್ಲ, ಕಂಪನಿ 2012ರಲ್ಲಿ ಕೊಂಡು ತಂದಿದ್ದು. ಶುದ್ಧಾಚಾರಿಗಳಿಗೆ ಇದು ಮೈಲಿಗೆ. ಆದರೆ ಸ್ನೋ ವೈಟ್, ಸಿಂಡರೆಲಾ, ಪೀಟರ್ ಪ್ಯಾನ್, ಆಲಿಸ್ ಇವೆಲ್ಲ ವಾಲ್ಟ್ ಬರೆದ ಕಥೆಗಳೇನು? ಎಲ್ಲವೂ ಬೇರೆಯವರ ಅಂಗಡಿಯ ಮಾಲು. ಇನ್ನು ಆತನ ಟುಮಾರೋಲ್ಯಾಂಡ್, ಅಂದರೆ ನಾಳೆಯ ನಾಡು, 1955ರಲ್ಲಿ ತೋರಿಸಿದ್ದು 1986ರ ಭವಿಷ್ಯವನ್ನು. ಆ ಭವಿಷ್ಯ ಮುಗಿದೇ ನಲವತ್ತು ವರ್ಷ ಆಗುತ್ತಾ ಬಂತು. ಅದು ಹಾಗೇ ಇದ್ದಿದ್ದರೆ ಮೊದಲು ಬೈಯುತ್ತಿದ್ದವನು ವಾಲ್ಟನೇ.

ಆದರೆ ಎಲ್ಲ ಬದಲಾವಣೆಯೂ ಅಷ್ಟು ಸಲೀಸಲ್ಲ. 1946ರಲ್ಲಿ ಆತ ತೆಗೆದ ಸಾಂಗ್ ಆಫ್ ದಿ ಸೌತ್ ಚಿತ್ರದ ಪ್ರಾಣಿಗಳನ್ನಿಟ್ಟುಕೊಂಡು 1989ರಲ್ಲಿ ಒಂದು ನೀರಿನ ರೈಡ್ ಕಟ್ಟಿದ್ದರು. ಆ ಚಿತ್ರ ಕರಿಯರ ಬದುಕನ್ನು ತೋರಿಸಿದ ರೀತಿಗೆ ಬಿಡುಗಡೆಯಾದ ವರ್ಷವೇ ಕರಿಯರ ಹಕ್ಕುಗಳ ಸಂಸ್ಥೆ ಆಕ್ಷೇಪ ಎತ್ತಿತ್ತು. ಕೊನೆಗೆ 2023ರಲ್ಲಿ ಆ ರೈಡ್ ಮುಚ್ಚಿ, 2024ರ ನವೆಂಬರಿನಲ್ಲಿ ಅದನ್ನು ಕರಿಯ ರಾಜಕುಮಾರಿ ಟಿಯಾನಾಳ ಕಥೆಯಾಗಿ ತೆರೆದರು. ವಾಲ್ಟನ ಹೆಸರಿನಲ್ಲಿ ಇದಕ್ಕೆ ಜೋರು ವಿರೋಧ ಬಂತು. ಮಜಾ ಅಂದರೆ ಆ ರೈಡ್ ಹುಟ್ಟುವ ಹೊತ್ತಿಗೆ ವಾಲ್ಟ್ ಸತ್ತು 23 ವರ್ಷ. ಆತ ಕಣ್ಣಲ್ಲೂ ನೋಡದ ರೈಡನ್ನು ಆತನ ಆಸ್ತಿ ಅಂತ ಕಾಯುವುದು! ತನ್ನ ಸಿನಿಮಾದ ಮೇಲಿನ ಆಕ್ಷೇಪವನ್ನು ಆತ ಇವತ್ತು ಒಪ್ಪುತ್ತಿದ್ದನೋ ಇಲ್ಲವೋ, ಅದನ್ನು ನಾನು ಅವನ ಪರವಾಗಿ ಹೇಳಲಾರೆ.

ಜಾಗದ ವಿಷಯದಲ್ಲಿ ಮಾತ್ರ ಆತನ ಮನಸ್ಸು ಏನು ಅಂತ ಸ್ಪಷ್ಟವಾಗಿ ಗೊತ್ತು. ಪಾರ್ಕಿನ ಸುತ್ತ ಎತ್ತರದ ಮಣ್ಣಿನ ದಿಬ್ಬ ಹಾಕಿಸಿ, ಒಳಗಿದ್ದವರಿಗೆ ಹೊರಗಿನ ಊರು ಕಾಣದ ಹಾಗೆ ಮಾಡಿದ್ದ. ಆದರೆ ಆಚೆ ಕಡೆ ಮೋಟೆಲುಗಳು, ಬೋರ್ಡುಗಳು ಅಣಬೆಯ ಹಾಗೆ ಎದ್ದವು. ಆ ಜಮೀನು ಕೊಳ್ಳಲು ಆಗ ದುಡ್ಡಿರಲಿಲ್ಲ. ಆ ಕೊರಗಿನಿಂದಲೇ ಫ್ಲಾರಿಡಾದಲ್ಲಿ ಗುಟ್ಟಾಗಿ 27,000 ಎಕರೆಗೂ ಹೆಚ್ಚು ಜಮೀನು ಕೊಂಡ. ಅಲ್ಲಿ ಆತ ಕಟ್ಟಬೇಕೆಂದಿದ್ದು ಬರೀ ಪಾರ್ಕಲ್ಲ, 20,000 ಜನ ನಿಜವಾಗಿ ಬದುಕುವ ಎಪ್ಕಾಟ್ ಎಂಬ ಹೊಸ ಮಾದರಿಯ ನಗರ. ಅದರ ಬಗ್ಗೆ 1966ರ ಅಕ್ಟೋಬರಿನಲ್ಲಿ ಚಿತ್ರೀಕರಣವನ್ನೂ ಮಾಡಿಸಿದ. ಎರಡು ತಿಂಗಳಲ್ಲಿ ತೀರಿಕೊಂಡ. ನಿವೃತ್ತಿಯನ್ನು ಮುಂದೂಡಿದ ಅಣ್ಣ ರಾಯ್, 1971ರ ಅಕ್ಟೋಬರಿನಲ್ಲಿ ಫ್ಲಾರಿಡಾದ ಪಾರ್ಕನ್ನು ತೆರೆದು, ಹೆಸರಿನಲ್ಲಿ ತಮ್ಮನ ವಾಲ್ಟ್ ಅನ್ನುವ ಮೊದಲ ಹೆಸರೂ ಇರಲೇಬೇಕು ಅಂತ ಹಟ ಹಿಡಿದು ಸೇರಿಸಿದ. ಅದೇ ಡಿಸೆಂಬರಿನಲ್ಲಿ ಆತನೂ ಹೋದ. 1982ರಲ್ಲಿ ಎಪ್ಕಾಟ್ ಬಂತು, ಆದರೆ ನಗರವಾಗಿ ಅಲ್ಲ, ಇನ್ನೊಂದು ಪಾರ್ಕಾಗಿ. ವಾಲ್ಟ್ ಇವತ್ತು ಬಂದರೆ "ನನ್ನ ಊರೆಲ್ಲಿ?" ಅಂತ ಕೇಳೇ ಕೇಳುತ್ತಾನೆ.

ಇನ್ನು ದುಡ್ಡಿನ ವಿಚಾರ. 1955ರಲ್ಲಿ ಪ್ರವೇಶಕ್ಕೆ ದೊಡ್ಡವರಿಗೆ 1 ಡಾಲರ್, ಮಕ್ಕಳಿಗೆ ಅರ್ಧ. ಈಗ ಒಂದು ದಿನದ ಟಿಕೆಟ್ 104 ಡಾಲರಿನಿಂದ ಶುರುವಾಗಿ, ಜನಜಂಗುಳಿಯ ದಿನಗಳಲ್ಲಿ 200 ಡಾಲರ್ ದಾಟುತ್ತದೆ. ಆದರೆ ಈ ಹೋಲಿಕೆಯನ್ನು ಹಾಗೇ ಬಿಟ್ಟರೆ ಅನ್ಯಾಯವಾಗುತ್ತದೆ. ಆಗ ಒಂದು ಡಾಲರಿಗೆ ಒಳಗೆ ಕಾಲಿಡಬಹುದಿತ್ತು ಅಷ್ಟೇ, ಪ್ರತಿ ರೈಡಿಗೂ ಬೇರೆ ಕಾಸು. 1955ರ ಅಕ್ಟೋಬರಿನಲ್ಲಿ ಪ್ರವೇಶ ಮತ್ತು ಎಂಟು ರೈಡುಗಳು ಸೇರಿದ ಟಿಕೆಟ್ ಪುಸ್ತಕ ಬಂತು, ದೊಡ್ಡವರಿಗೆ ಎರಡೂವರೆ ಡಾಲರ್. ಬೆಲೆಯೇರಿಕೆ ಲೆಕ್ಕ ಹಾಕಿದರೆ ಇವತ್ತಿನ ಸುಮಾರು 30 ಡಾಲರ್. ಆ ಪುಸ್ತಕಗಳ ಪದ್ಧತಿ ನಿಂತಿದ್ದು 1982ರಲ್ಲಿ. ಈಗ ಒಂದೇ ಟಿಕೆಟ್ಟಿನಲ್ಲಿ ಎಷ್ಟು ರೈಡಾದರೂ ಹತ್ತಬಹುದು, ರೈಡುಗಳೂ ಎಷ್ಟೋ ಪಾಲು ಹೆಚ್ಚು. ಅದೆಲ್ಲ ಕಳೆದರೂ ದರ ಮೂರು ನಾಲ್ಕು ಪಟ್ಟಿಗಿಂತ ಮೇಲೇ ಏರಿದೆ.

ವಾಲ್ಟ್ ಏನೂ ಧರ್ಮಛತ್ರ ನಡೆಸಲಿಲ್ಲ ಬಿಡಿ. ಪಾರ್ಕಿನ ತುಂಬ ಪ್ರಾಯೋಜಕರ ಹೆಸರು ಬರೆಸಿ ದುಡ್ಡು ಎತ್ತಿದವನು. ದರ ಏರಿಸಿದ್ದಕ್ಕೆ ಆತ ಕಣ್ಣೀರು ಹಾಕುತ್ತಾನೆ ಅಂತ ನನಗನ್ನಿಸುವುದಿಲ್ಲ. ಆದರೆ ಸಾಲಿನ ಹತ್ತಿರ ನಿಂತಾಗ ಆತನಿಗೆ ಕಸಿವಿಸಿ ಆಗುತ್ತಿತ್ತು ಅನ್ನುವುದು ನನ್ನ ನಂಬಿಕೆ. 1999ರಲ್ಲಿ ಸಾಲು ತಪ್ಪಿಸುವ ಚೀಟಿಯನ್ನು ಪುಕ್ಕಟೆಯಾಗಿ ಎಲ್ಲರಿಗೂ ಕೊಡುತ್ತಿದ್ದರು. 2021ರ ಕೊನೆಯಿಂದ ಅದಕ್ಕೆ ದುಡ್ಡು. 2024ರಿಂದ ತಲೆಗೆ 300-400 ಡಾಲರ್ ಹೆಚ್ಚಿಗೆ ಕೊಟ್ಟರೆ ಹೊತ್ತುಗೊತ್ತಿಲ್ಲದೆ ಬೇಗನೆ ಒಳಗೆ ಬಿಡುವ ಪಾಸೂ ಬಂದಿದೆ. ದೇವಸ್ಥಾನಗಳ ವಿಶೇಷ ದರ್ಶನದ ಸಾಲು ನೋಡಿದ ನಮಗೆ ಇದೇನು ಹೊಸದಲ್ಲ. ಆದರೆ ನಾಲ್ಕೂವರೆ ನಿಮಿಷದ ದೋಣಿಗೆ ಸಿಟ್ಟಾದ ಮನುಷ್ಯ ಅವನು. ಒಂದೇ ಬಾಗಿಲಲ್ಲಿ ಬಂದ ಎರಡು ಮಕ್ಕಳಲ್ಲಿ ಒಂದು ಕೈಬೀಸಿ ಮುಂದೆ ಹೋಗುವುದು, ಇನ್ನೊಂದು ಅಪ್ಪನ ಮುಖ ನೋಡುವುದು, ಇದನ್ನು ಆತ ಬೆಂಚಿನ ಮೇಲೆ ಕೂತು ಕಂಡಿದ್ದರೆ?

ಆದರೆ ಈ ಕಥೆಯಲ್ಲಿ ನನ್ನನ್ನು, ಬಹುಶಃ ನಿಮ್ಮನ್ನೂ, ಹೆಚ್ಚು ಕಾಡುವ ಸಂಗತಿ ಬೇರೆಯೇ ಇದೆ. ಪಾರ್ಕಿನ ಬಾಗಿಲು ದಾಟಿದ ಕೂಡಲೇ ಸಿಗುವ ಬೀದಿಯ ಹೆಸರು ಮೇನ್ ಸ್ಟ್ರೀಟ್. ಇಪ್ಪತ್ತನೇ ಶತಮಾನದ ಆರಂಭದ ಪುಟ್ಟ ಅಮೆರಿಕನ್ ಊರು. ವಾಲ್ಟ್ ಹುಟ್ಟಿದ್ದು 1901ರಲ್ಲಿ ಶಿಕಾಗೋದಲ್ಲಿ. ಆದರೆ ಆತ ತನ್ನೂರು ಅಂತ ಎದೆಯಲ್ಲಿಟ್ಟುಕೊಂಡಿದ್ದು ಮಿಸೌರಿ ರಾಜ್ಯದ ಮಾರ್ಸಲೀನ್ ಎಂಬ ರೈಲು ಹಾದುಹೋಗುವ ಊರನ್ನು. ಅಲ್ಲಿದ್ದದ್ದು 1906ರಿಂದ 1911ರ ತನಕ, ನಾಲ್ಕೈದು ವರ್ಷ ಮಾತ್ರ. ಅಪ್ಪ ಹೊಲ ಮಾರಿ ಕಾನ್ಸಸ್ ಸಿಟಿಗೆ ಗುಳೆ ಹೋದ. ಹುಡುಗ ಅಲ್ಲಿ ಬೆಳಗಿನ ಜಾವ ಎದ್ದು ಮನೆ ಮನೆಗೆ ಪೇಪರ್ ಹಾಕಿದ. ಆಮೇಲೆ ಬದುಕೆಲ್ಲ ಲಾಸ್ ಏಂಜಲೀಸ್. ಐವತ್ತು ದಾಟಿದ ಮೇಲೆ, ಕೈಯಲ್ಲಿ ಸಾಲದ ದುಡ್ಡು ಬಂದ ಕೂಡಲೇ ಕಟ್ಟಿದ ಪಾರ್ಕಿನ ಹೆಬ್ಬಾಗಿಲಲ್ಲೇ ಆತ ಇಟ್ಟಿದ್ದು ಆ ಊರಿನ ಬೀದಿಯನ್ನು!

ಆ ಬೀದಿಯ ಕಟ್ಟಡಗಳ ಮೇಲಂತಸ್ತುಗಳನ್ನು ಬೇಕೆಂದೇ ಚಿಕ್ಕದಾಗಿ ಕಟ್ಟಿದ್ದಾರೆ. ನಿಜದ ಊರಿಗಿಂತ ಒಂದು ಚೂರು ಪುಟ್ಟದು, ಒಂದು ಚೂರು ಚೊಕ್ಕ, ಗಲೀಜಿಲ್ಲ, ಜಗಳವಿಲ್ಲ. ಊರು ಬಿಟ್ಟು ಬಂದವರ ತಲೆಯೊಳಗಿನ ಊರು ಇರುವುದೇ ಹಾಗಲ್ಲವೇ? ಇನ್ನೂ ಒಂದು ತಮಾಷೆ. ವಿನ್ಯಾಸಕಾರರಲ್ಲಿ ಒಬ್ಬನಾದ ಹಾರ್ಪರ್ ಗಾಫ್ ಬೆಳೆದದ್ದು ಕೊಲೊರಾಡೊದ ಫೋರ್ಟ್ ಕಾಲಿನ್ಸ್ ಊರಿನಲ್ಲಿ. ಅಲ್ಲಿನ ಕಟ್ಟಡಗಳ ಛಾಯೆಯೂ ಈ ಬೀದಿಯಲ್ಲಿ ಸೇರಿಕೊಂಡಿದೆ. ಹಾಗಾಗಿ ವಾಲ್ಟನ ಬಾಲ್ಯದ ಊರಿನಲ್ಲಿ ಇನ್ನೊಬ್ಬನ ಬಾಲ್ಯವೂ ಬೆರೆತಿದೆ. ಯಾರಿಗೂ ಅದು ತೊಂದರೆಯಾಗಲಿಲ್ಲ.

1956ರ ಜುಲೈ 4ರಂದು ವಾಲ್ಟ್ ಮತ್ತು ರಾಯ್ ನಿಜವಾದ ಮಾರ್ಸಲೀನಿಗೆ ಹೋದರು. ಊರಿನವರು ಇವನ ಹೆಸರಿಟ್ಟ ಉದ್ಯಾನ, ಈಜುಕೊಳದ ಉದ್ಘಾಟನೆ. ಆ ಹೊತ್ತಿಗೆ ನಕಲು ಊರು ತಲೆಯೆತ್ತಿ ಒಂದು ವರ್ಷವಾಗಿತ್ತು. ಅಸಲು ಊರು ಸಹಜವಾಗಿಯೇ ಬದಲಾಗಿತ್ತು. ಅಲ್ಲಿ ಆತ "ನನ್ನ ಊರನ್ನು ಹಾಳು ಮಾಡಿದಿರಿ" ಅಂತ ಮುಖ ಸಿಂಡರಿಸಲಿಲ್ಲ. ಮುಂದೆ 1966ರಲ್ಲಿ, ಡಿಸ್ನಿಲ್ಯಾಂಡಿನಿಂದ ತೆಗೆದ ಮಕ್ಕಳ ಪುಟ್ಟ ಕಾರುಗಳ ರೈಡನ್ನು ಆ ಊರಿಗೆ ಕೊಟ್ಟರು. ಊರಿನಿಂದ ಪಡೆದುಕೊಂಡವನು ಊರಿಗೆ ಅಷ್ಟಾದರೂ ಮರಳಿಸಿದ.

ಇಲ್ಲಿ ನಾನು ನನ್ನ ಬಗ್ಗೆಯೇ ಯೋಚಿಸಿದೆ. ವರ್ಷಕ್ಕೊಮ್ಮೆ ಊರಿಗೆ ಹೋದಾಗಲೆಲ್ಲ ನನ್ನದು ಒಂದೇ ರಾಗ. ಹೆಂಚಿನ ಮನೆ ಹೋಯಿತು, ಕೆರೆ ಏರಿಯ ಮರ ಕಡಿದರು, ಹೋಟೆಲಿನ ದೋಸೆ ಮೊದಲಿನ ಹಾಗಿಲ್ಲ. ಅಲ್ಲೇ ಇರುವ ತಮ್ಮ ಒಮ್ಮೆ ಕೇಳಿಯೇ ಬಿಟ್ಟ: "ನೀನು ಮುಂಬಯಿಯಲ್ಲಿ ಲಿಫ್ಟ್ ಇರೋ ಮನೇಲಿ ಇರ್ತೀಯ, ನಾವು ಮಾತ್ರ ನಿನ್ನ ನೆನಪಿಗೋಸ್ಕರ ಸೋರೋ ಹೆಂಚಿನ ಕೆಳಗೆ ಇರಬೇಕಾ?" ಉತ್ತರವಿರಲಿಲ್ಲ. ಡಿಸ್ನಿಲ್ಯಾಂಡಿನಲ್ಲಿ "ವಾಲ್ಟ್ ಇದ್ದಿದ್ದರೆ" ಅನ್ನುವವರೂ ನನ್ನ ಜಾತಿಯವರೇ. ಅವರು ಕೇಳುತ್ತಿರುವುದು ವಾಲ್ಟನ ಪಾರ್ಕನ್ನಲ್ಲ, ತಾವು ಏಳು ವರ್ಷದವರಿದ್ದಾಗ ಅಪ್ಪನ ಕೈಹಿಡಿದು ನೋಡಿದ ಪಾರ್ಕನ್ನು.

ಹಾಗಾದರೆ ವಾಲ್ಟ್ ಏನಂದಾನು? ನನ್ನ ಲೆಕ್ಕ ಇಷ್ಟು. ಬದಲಾವಣೆಗೆ ಬೈಯುವುದಿಲ್ಲ, ಇನ್ನೂ ಯಾಕೆ ಮಾಡಿಲ್ಲ ಅಂತ ಬೈದಾನು. ಕಳೆದುಹೋದ ನಗರಕ್ಕೆ ಕೊರಗಿಯಾನು. ಆಪೆರಾ ಹೌಸಿನ ತನ್ನ ಬೊಂಬೆಯನ್ನು ಎರಡು ನಿಮಿಷ ನೋಡಿ, ಕೈ ಇನ್ನೂ ಸರಿಯಾಗಿ ತಿರುಗುತ್ತಿಲ್ಲ ಅಂತ ತಂತ್ರಜ್ಞರನ್ನು ಕರೆಸಿಯಾನು. ಮಾತಾಡುವ ಅಬ್ರಹಾಂ ಲಿಂಕನ್ ಬೊಂಬೆಯನ್ನು 1964ರ ನ್ಯೂಯಾರ್ಕ್ ಜಾಗತಿಕ ಮೇಳದಲ್ಲಿ ನಿಲ್ಲಿಸಿ, ಮರುವರ್ಷ ಇದೇ ರಂಗಮಂದಿರಕ್ಕೂ ತಂದವನು ತಾನೇ! ಆದರೆ ಎಂದೂ ಪೂರ್ತಿಯಾಗಬಾರದು ಅಂದ ಜಾಗದಲ್ಲಿ, ಇನ್ನು ಬದಲಾಗದ ವಸ್ತು ತಾನೊಬ್ಬನೇ ಅನ್ನುವುದು ಅವನಿಗೂ ಚುಚ್ಚೀತು. ಆಮೇಲೆ ಹೊರಗೆ ಬಂದು ಬೆಂಚಿನ ಮೇಲೆ ಕೂತು, ಯಾರು ಬಂದಿದ್ದಾರೆ ಅನ್ನುವುದಕ್ಕಿಂತ ಯಾರು ಬಂದಿಲ್ಲ ಅನ್ನುವುದನ್ನು ಎಣಿಸಿಯಾನು. ಅಪ್ಪ ಮಕ್ಕಳು ಒಟ್ಟಿಗೆ ಬರಲಿ ಅಂತ ತಾನೇ ಇಷ್ಟೆಲ್ಲ ಮಾಡಿದ್ದು?

ಸಂಜೆ ಮೊಮ್ಮಗ ಓಡಿ ಬಂದ. "ಅಜ್ಜ, ನೀನು ಏನು ನೋಡಿದೆ?" ಅಂದ. "ಊರು ಬಿಟ್ಟು ಬಂದವನೊಬ್ಬನ್ನ ನೋಡಿದೆ ಕಣೋ" ಅಂದೆ. ಅವನಿಗೆ ಅರ್ಥವಾಗಲಿಲ್ಲ. ಹತ್ತಿರದ ಬೆಂಚಿನಲ್ಲಿ ಜಾಗ ಮಾಡಿಕೊಟ್ಟೆ. ಸೊಸೆ ಡಬ್ಬಿಯಲ್ಲಿ ತಂದಿದ್ದ ಚಕ್ಕುಲಿ ಇಬ್ಬರೂ ತಿಂದೆವು.